ತೋಳದ ಮೇಲೆ ಹೊರಿಸಿದ ಕೊಲೆ

ತೋಳ ಕೊಲ್ಲುವುದು ನನ್ನ ನೌಕರಿಯಾಗಿತ್ತು. ಬೀದರ್ ಸೀಮೆಯ ಜಂಗಲಾತ್, ಅಂದರೆ ಅರಣ್ಯ, ಇಲಾಖೆಗೆ ನನ್ನನ್ನು ಶಿಕಾರಿ ಎಂದು ಸೇರಿಸಿಕೊಂಡಾಗ ಹೈದರಾಬಾದಿನಲ್ಲಿ ನಿಜಾಮರ ಆಳ್ವಿಕೆಯಿತ್ತು. ನಾನು ನಿವೃತ್ತನಾಗುವಷ್ಟರಲ್ಲಿ ರಾಜ್ಯದ ಹೆಸರೇ ಬೇರೆಯಾಗಿತ್ತು, ಕಾಗದಪತ್ರಗಳ ಭಾಷೆ ಬೇರೆಯಾಗಿತ್ತು, ಸಾಹೇಬರ ತಲೆಯ ಮೇಲಿನ ಟೊಪ್ಪಿಗೆಯೂ ಬೇರೆಯಾಗಿತ್ತು. ಈಗ ಇಲಾಖೆಗೆ ಹೊಸದಾಗಿ ಸೇರಿದವರು ನಮ್ಮ ಮನೆಗೆ ಬಂದರೆ ಕೇಳುವುದು ಒಂದೇ ಮಾತು: "ಕಾಕಾ, ಎಷ್ಟು ತ್ವಾಳ ಹೊಡ್ದೀರಿ?" ಅದನ್ನು ನಾನು ಎಣಿಸಿಟ್ಟಿಲ್ಲ. ಹೊಡೆಯಬಾರದಿದ್ದ ಒಂದು ತೋಳ ನೆನಪಿದೆ, ಹಾಕಬಾರದಿದ್ದ ಒಂದು ಸಹಿ ನೆನಪಿದೆ. ನೌಕರಿ ಎಂದರೆ ಬಂದೂಕು ಮತ್ತು ಖಾಕಿ ಬಟ್ಟೆ ಎಂದುಕೊಂಡವರು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ನಾನು ಕಮಠಾಣದ ಕುರಿ ಸಾಕುವ ಮನೆಯವನು, ಹೆಸರು ಬೀರಪ್ಪ. ಹಿಂಡಿಗೆ ತೋಳ ಬೀಳುವುದನ್ನು ನೋಡುತ್ತಲೇ ಬೆಳೆದೆ. ಉರ್ದು ಸಾಲೆಯಲ್ಲಿ ಐದು ವರ್ಷ ಓದಿದ್ದರಿಂದ ಇಲಾಖೆಯಲ್ಲಿ ಜಾಗ ಸಿಕ್ಕಿತು. ಕೆಲಸ ಕಲಿಸಿದವನು ಇಲಾಖೆಯ ಹಳೆಯ ಶಿಕಾರಿ ಖಾಸೀಂ ಚಾಚಾ. ಸಣ್ಣ ಆಳು, ಬಿಳಿ ಗಡ್ಡ, ನೆಲ ನೋಡಿಕೊಂಡೇ ನಡೆಯುವ ಮನುಷ್ಯ. ಮೊದಲ ದಿನವೇ ನನ್ನನ್ನು ಹಳ್ಳದ ಉಸುಕಿನಲ್ಲಿ ಕೂರಿಸಿ ಹೆಜ್ಜೆ ತೋರಿಸಿದ.

"ಬೇಟಾ, ನಾಯಿ ನಿಶಾ ಏರ್ದಂಗ ನಡೀತದ, ಒಂದು ಹೆಜ್ಜಿ ಆಕಡಿ, ಒಂದು ಈಕಡಿ. ತ್ವಾಳ ದರ್ಜಿ ಹೊಲಿಗಿ ಹಾಕ್ದಂಗ ಸೀದಾ ಹೋಗ್ತದ. ಹಿಂದಿನ ಕಾಲು ಮುಂದಿನ ಕಾಲಿನ ಗುರ್ತಿನ ಮ್ಯಾಲೇ ಬೀಳ್ತದ. ನೆಲಾ ಓದ್ಲಿಕ್ಕಿ ಕಲಿ. ಬಂದೂಕು ಯಾವ ಗಧಾನೂ ಹಾರಸ್ತಾನ."

ನನಗೆ ಆಗ ಬಂದೂಕಿನ ಮೇಲೆಯೇ ಕಣ್ಣು. ಆ ವರ್ಷದ ಚಳಿಗಾಲ ಭಾಲ್ಕಿಯ ಕಡೆ ಕುರಿಮರಿಗಳು ಒಂದೊಂದಾಗಿ ಕಾಣೆಯಾಗತೊಡಗಿದಾಗ ನಾವಿಬ್ಬರೂ ಹೋದೆವು. ಕೆಂಪು ಕಲ್ಲಿನ ಕೊರಕಲೊಂದರಲ್ಲಿ ಚಾಚಾ ತೋಳದ ಗವಿ ಹುಡುಕಿದ. ತಾಯಿ ಬೇಟೆಗೆ ಹೋಗಿರುತ್ತದೆ, ಮರಿಗಳನ್ನು ಎಳೆದು ತರುತ್ತೇನೆ ಎಂದು ನಾನು ಹಟ ಹಿಡಿದೆ. ಕಾಯೋಣ ಎಂದು ಅವನು ಹೇಳಿದ, ನಾನು ಕೇಳಲಿಲ್ಲ. ಕಾಲಿಗೆ ಹಗ್ಗ ಕಟ್ಟಿಕೊಂಡು ತಲೆ ಮುಂದೆ ಮಾಡಿ ಗವಿಯೊಳಗೆ ತೆವಳಿದೆ.

ಎರಡು ಆಳುದ್ದ ಹೋದ ಮೇಲೆ ಗವಿ ಸ್ವಲ್ಪ ಅಗಲವಾಯಿತು. ಕೈ ಮುಂದೆ ಚಾಚಿದಾಗ ಮೆತ್ತಗಿನದೇನೋ ತಾಗಿತು. ಮರಿ ಎಂದುಕೊಂಡೆ. ಅಷ್ಟರಲ್ಲಿ ಬಿಸಿ ಉಸಿರು ನನ್ನ ಹಣೆಗೆ ಬಡಿಯಿತು. ಕತ್ತಲಿಗೆ ಕಣ್ಣು ಒಗ್ಗಿದಾಗ ಒಂದು ಗೇಣಿನ ದೂರದಲ್ಲಿ ಅದರ ಮುಖ ಕಂಡಿತು. ತಾಯಿ ಒಳಗೇ ಇತ್ತು. ತುಟಿ ಮೇಲಕ್ಕೆ ಎತ್ತಿತ್ತು, ಹಲ್ಲು ಕಾಣುತ್ತಿದ್ದವು, ಗಂಟಲಿನಿಂದ ಬೀಸುಕಲ್ಲಿನಂಥ ಸದ್ದು ಬರುತ್ತಿತ್ತು. ನನ್ನ ಎರಡೂ ಕೈ ಮುಂದಕ್ಕೆ ಚಾಚಿದ್ದವು, ಹಿಂದೆ ಸರಿಯಲು ಜಾಗವಿರಲಿಲ್ಲ. ಅದು ಬಯಸಿದ್ದರೆ ನನ್ನ ಮುಖ ಹರಿದುಹಾಕಬಹುದಿತ್ತು. ಹರಿಯಲಿಲ್ಲ. ಮರಿಗಳನ್ನು ಬೆನ್ನ ಹಿಂದೆ ಹಾಕಿಕೊಂಡು, ನಡುಗುತ್ತ, ನನ್ನನ್ನೇ ನೋಡುತ್ತಿತ್ತು. ನಾನು ಕಾಲು ಒದರಿದೆ. ಚಾಚಾ ಹಗ್ಗ ಎಳೆದ. ಮೊಣಕೈ, ಗದ್ದ ಎಲ್ಲ ಕಲ್ಲಿಗೆ ಉಜ್ಜಿ ರಕ್ತ ಬಂತು. ತೋಳ ಮಾಡಿದ ಗಾಯ ಒಂದೂ ಇರಲಿಲ್ಲ.

"ಯಾಕ ಕಚ್ಚಲಿಲ್ಲ ಚಾಚಾ?" ಎಂದು ಹಲ್ಲು ಕಟಕಟಿಸುತ್ತ ಕೇಳಿದೆ.

"ಮನಷ್ಯಾಂದು ವಾಸ್ನಿ ಅಂದ್ರ ಅದಕ್ಕ ಜೀವದಾಗ ಹೆದ್ರಕಿ. ಎಳಿ ಕೂಸು ಒಂಟಿ ಸಿಕ್ರ ಒಯ್ತದ, ಖರೆ. ಆದ್ರ ನಿಂತ ಆಳಿನ ಮ್ಯಾಲ, ಹುಚ್ಚು ಹಿಡೀಲಾರ್ದ ತ್ವಾಳ ಬಿದ್ದದ್ದು ನನ್ನ ಉಮರ್‌ದಾಗ ನಾ ನೋಡಿಲ್ಲ."

ಮರುದಿನ ಹೈದರಾಬಾದಿನಿಂದ ಬಂದ ಸಾಹೇಬರೊಬ್ಬರು ಮೋಟಾರಿನಲ್ಲಿ ಕೂತೇ ಆ ತೋಳವನ್ನು ಹೊಡೆದರು, ಅದರ ಮೇಲೆ ಬೂಟುಗಾಲಿಟ್ಟು ಫೋಟೋ ತೆಗೆಸಿಕೊಂಡರು. ವರದಿಯಲ್ಲಿ ಗವಿಯೊಳಗೆ ಇಳಿದವರೂ ಅವರೇ ಆದರು! ಆ ವರದಿಯ ನಕಲು ಕೈಬರಹದಲ್ಲಿ ತೆಗೆದವನು ನಾನು. ಗದ್ದದ ಗಾಯ ಇನ್ನೂ ಹಸಿಯಾಗಿತ್ತು.

ಆಮೇಲೆ ಪೊಲೀಸ್ ಕಾರ್ಯಾಚರಣೆಯಾಯಿತು. ಬೀದರಿಗೆ ಭಾರತದ ಸೈನ್ಯ ಬಂತು, ನಿಜಾಮರ ಕಾಲ ಮುಗಿಯಿತು. ಜನ ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಅದರ ಹಿಂದಿನ ತಿಂಗಳುಗಳಲ್ಲೂ ಮುಂದಿನ ವಾರಗಳಲ್ಲೂ ಹಿಂದೂ, ಮುಸ್ಲಿಂ ಎರಡೂ ಕಡೆಯ ಬಡವರ ಮನೆಗಳು ಸುಟ್ಟುಹೋದವು. ಇಲಾಖೆಯಲ್ಲಿ ಮೊದಲು ಮನೆಗೆ ಹೋದವನು ಖಾಸೀಂ ಚಾಚಾ. ತಪ್ಪೇನು ಎಂದು ಯಾರೂ ಹೇಳಲಿಲ್ಲ. ಬರಬೇಡ ಎಂದರು, ಅಷ್ಟೇ. ಮೂವತ್ತು ವರ್ಷ ಕುರುಬರ ಕುರಿ ಕಾಯ್ದ ಮನುಷ್ಯ ಬೀದರಿನ ಕೋಟೆಯ ಹತ್ತಿರದ ಮನೆಯಲ್ಲಿ ಕಟ್ಟೆಯ ಮೇಲೆ ಕೂತು ಹೋಗುವವರು ಬರುವವರ ಕಾಲು ನೋಡತೊಡಗಿದ.

ನನ್ನ ಬಂದೂಕನ್ನೂ ಕಸಿದುಕೊಂಡರು. ಎಲ್ಲರ ಬಂದೂಕು ಜಮಾ ಆಗಬೇಕೆಂಬ ಹುಕುಂ ಬಂದಿತ್ತು, ಅದು ನ್ಯಾಯವೇ. ಆದರೆ ಅದೇ ವಾರ ನನಗೆ ಇನ್ನೊಂದು ಹುಕುಂ ಬಂತು: ಸಾಯಗಾಂವದ ಕಡೆ ತೋಳಗಳ ಹಾವಳಿ, ತಕ್ಷಣ ಹೋಗಿ ನಿವಾರಿಸತಕ್ಕದ್ದು. ಭಾಲ್ಕಿಯ ಠಾಣೆಗೆ ಹೋಗಿ ಕೈ ಮುಗಿದೆ.

"ಬಂದೂಕು ಕೊಡ್ರಿ ಸಾಹೇಬ್ರ, ತ್ವಾಳ ಹೊಡೀಬೇಕು."

"ಮ್ಯಾಲಿನ ಹುಕುಂ ಬರ್ಲಿ."

"ತ್ವಾಳಕ್ಕೂ ಮ್ಯಾಲಿನ ಹುಕುಂ ಬರೋತನ ತಡಿ ಅಂತ ಹೇಳ್ಲೇನ್ರಿ?"

ಹೊರಗೆ ದಬ್ಬಿದರು. ಕೋಲು, ಕಂಬಳಿ ಹಿಡಿದು ಸಾಯಗಾಂವಕ್ಕೆ ಹೋದೆ. ಮುಂಜಾನೆ ಕುರಿಗಳು ಜೋಳದ ಕೂಳೆಯಲ್ಲಿ ಮೇಯುತ್ತಿದ್ದಾಗ ಒಂದು ತೋಳ ಬಯಲಿನಲ್ಲಿ ಕುಂಟುವಂತೆ ನಟಿಸುತ್ತ ಕಾಣಿಸಿಕೊಂಡಿತು. ನಾಯಿಗಳೆಲ್ಲ ಅದರ ಬೆನ್ನು ಹತ್ತಿದವು. ಆ ಕ್ಷಣದಲ್ಲೇ ಇನ್ನೆರಡು ತೋಳಗಳು ನನ್ನ ಹಿಂದಿನ ಹಳ್ಳದಿಂದ ಮೇಲೆದ್ದವು. ತಿರುಗಿದಾಗ ಒಂದು ಹತ್ತು ಹೆಜ್ಜೆಯಲ್ಲಿತ್ತು. ಹಳದಿ ಕಣ್ಣು, ಬೂದಿ ಬಣ್ಣದ ಬೆನ್ನು. ನಾನು ಕೋಲು ಎತ್ತಿ ಕಿರುಚಿದೆ. ಅದು ನನ್ನ ಕೈಯನ್ನು ನೋಡಿತು, ನೋಡಿ ಕೋಲೇ ಎಂದು ತಿಳಿದುಕೊಂಡಿತು. ಬಂದೂಕು ಹಿಡಿದವನ ಎದುರು ತೋಳ ಹಾಗೆ ನಿಲ್ಲುವುದಿಲ್ಲ. ನನ್ನ ಪಕ್ಕದಲ್ಲೇ ನುಗ್ಗಿ, ನನ್ನ ಕಂಬಳಿಗೆ ಮೈ ತಾಗಿಸಿಕೊಂಡೇ ಹೋಗಿ, ಒಂದು ಕುರಿಯ ಗಂಟಲು ಹಿಡಿಯಿತು. ಹಿಂಡಿನ ಒಡೆಯ ಮುದುಕ ನನ್ನ ಕಡೆ ತಿರುಗಿ, "ಸರ್ಕಾರ ನಿನ್ನ ಯಾಕ ಕಳಿಸ್ಯಾದೋ ತಮ್ಮಾ, ಸತ್ತ ಕುರಿ ಹೊರಲಿಕ್ಕ?" ಎಂದ. ಆ ಕುರಿಯನ್ನು ಹೊತ್ತು ಅವನ ಹಟ್ಟಿಗೆ ತಲುಪಿಸಿದವನೂ ನಾನೇ. ಬಂದೂಕು ನನ್ನ ಕೈಗೆ ವಾಪಸು ಬರುವಷ್ಟರಲ್ಲಿ ಮತ್ತೊಂದು ಬಿತ್ತನೆಯ ಕಾಲ ಬಂದಿತ್ತು.

ಈಗ ಆ ಸಹಿಯ ವಿಷಯ.

ಕಾರ್ಯಾಚರಣೆಯಾಗಿ ಒಂದೆರಡು ವರ್ಷ ಕಳೆದಿತ್ತು. ಪರರ ಹೊಲ ಉಳುವವರಿಗೆ ಹಕ್ಕು ಕೊಡುವ ಕಾನೂನು ಬಂದಿತ್ತು. ಔರಾದ ತಾಲ್ಲೂಕಿನಲ್ಲಿ, ಡಾಬಕಾದ ಆಚೆಗಿನ ಒಂದು ಹಳ್ಳಿ. ಆ ಮನೆತನದವರು ಇನ್ನೂ ಇರುವುದರಿಂದ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಮಾಳಪ್ಪ ಎಂಬ ಕುರುಬ ಊರಿನ ಪಟೇಲನ ನಾಲ್ಕು ಎಕರೆ ಹೊಲವನ್ನು ಅಪ್ಪನ ಕಾಲದಿಂದ ಕೌಲಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ. ಹೊಸ ಕಾನೂನಿನಂತೆ ಕಚೇರಿಗೆ ಹೋಗಿ ದಫ್ತರದಲ್ಲಿ ತನ್ನ ಹೆಸರು ಹಚ್ಚಿಸಿಕೊಂಡ. ಪಟೇಲ ಕರೆಸಿ ಹೆಸರು ತೆಗೆಸು ಎಂದ. ಮಾಳಪ್ಪ ಒಲ್ಲೆ ಎಂದ. ತೊಗರಿ ಕೊಯ್ಯುವ ದಿನಗಳಲ್ಲಿ ಅವನ ಹೆಣ ಹಳ್ಳದಲ್ಲಿ ಸಿಕ್ಕಿತು. ತೋಳ ತಿಂದಿತು ಎಂದು ಪಟೇಲನೇ ಠಾಣೆಗೆ ಹೇಳಿ ಕಳಿಸಿದ. ತೋಳ ಬಲ್ಲವನು ಬೇಕೆಂದು ನನ್ನನ್ನು ಕರೆಸಿದರು.

ನಾನು ಹೋದಾಗ ಮಧ್ಯಾಹ್ನ. ಅಲ್ಲಿ ಬೇರೆ ಪ್ರಾಂತದಿಂದ ಬಂದ, ನಮ್ಮ ಮಾತು ಬಾರದ ಹೊಸ ಪೊಲೀಸ್ ಅಮೀನರಿದ್ದರು. ನಮ್ಮ ಇಲಾಖೆಯ ರೇಂಜರ್ ಇದ್ದರು. ನಿಜಾಮರ ಕಾಲದಲ್ಲಿ ಶೇರ್ವಾನಿ ತೊಟ್ಟು ನಡು ಬಗ್ಗಿಸುತ್ತಿದ್ದವರು, ಈಗ ಖಾದಿ ತೊಟ್ಟು ಬಗ್ಗಿಸುತ್ತಿದ್ದರು. ಪಟೇಲ ಇಬ್ಬರಿಗೂ ನೆರಳಿನಲ್ಲಿ ಹೊರಸು ಹಾಕಿ ಚಹಾ ತರಿಸಿದ್ದ.

ನಾನು ಹೆಣದ ಹತ್ತಿರ ಹೋದೆ. ಎದೆಯವರೆಗೆ ಕಂಬಳಿ ಹೊದಿಸಿತ್ತು. ಯಾರು ಹೊದಿಸಿದರು ಎಂದು ಕೇಳಿದೆ. ಸಿಕ್ಕಾಗಲೇ ಹೀಗಿತ್ತು ಎಂದರು. ಮನುಷ್ಯನನ್ನು ಕೊಂದು ಕಂಬಳಿ ಹೊದಿಸಿ ಹೋಗುವ ತೋಳ! ಕುತ್ತಿಗೆಯ ಗಾಯ ಒಂದೇ ಗೆರೆಯಾಗಿತ್ತು, ಎಲುಬಿನವರೆಗೆ. ಅದು ಕೊಡಲಿಯ ಕೆಲಸ. ಮೈಯ ಬೇರೆ ಕಡೆ ಒಂದು ಹಲ್ಲಿನ ಗುರುತಿಲ್ಲ. ಹೆಣದ ಕೆಳಗಿನ ಉಸುಕಿನಲ್ಲಿ ರಕ್ತವೇ ಇರಲಿಲ್ಲ, ಅಂದರೆ ಬೇರೆಲ್ಲೋ ಕೊಂದು ತಂದು ಹಾಕಿದ್ದರು. ತೋಳದ ಹೆಜ್ಜೆ ಇತ್ತು, ಒಂದೇ ತೋಳದ್ದು. ಹೊಲಿಗೆ ಹಾಕಿದಂತೆ ನೀರಿನ ಕಡೆಯಿಂದ ಬಂದು, ಹದಿನೈದು ಹೆಜ್ಜೆ ದೂರದಲ್ಲಿ ನಿಂತು, ವಾಸನೆ ಹಿಡಿದು, ಬಂದ ದಾರಿಯಲ್ಲೇ ತಿರುಗಿ ಓಡಿಹೋಗಿತ್ತು.

ಇಷ್ಟನ್ನೂ ರೇಂಜರರಿಗೆ ಹೇಳಿದೆ. ಅವರು ನನ್ನನ್ನು ಜಾಲಿಗಿಡದ ಹಿಂದೆ ಕರೆದುಕೊಂಡು ಹೋದರು.

"ಬೀರಪ್ಪ, ನಿನ್ನ ಕೆಲ್ಸ ತ್ವಾಳದ್ದು. ಕೊಡ್ಲಿದಲ್ಲ."

"ಇದು ತ್ವಾಳದ್ದು ಅಲ್ರಿ ಸಾಹೇಬ್ರ. ಕಣ್ಣಿದ್ದವ್ರು ಯಾರರ ನೋಡ್ರಿ."

"ನೀ ಖಾಸೀಮನ ಶಾಗಿರ್ದ. ನಿಜಾಮನ ಕಡ್ಯಾವ್ರ ಸಂಗಡ ತಿರುಗಾಡ್ದಾಂವ ಅಂತ ನಿನ್ನ ಮ್ಯಾಲ ಒಂದು ಅರ್ಜಿ ಬಿದ್ರ ಏನಾಗ್ತದ ಗೊತ್ತದ ಏನು? ನೌಕ್ರಿ ಹಿಂದ, ಜೇಲು ಮುಂದ. ಮನ್ಯಾಗ ಮಕ್ಳು ಎಷ್ಟು ಅವ?"

ಪಂಚನಾಮೆ ಉರ್ದುವಿನಲ್ಲಿ ಬರೆದಿತ್ತು. ಓದಲು ಬರುತ್ತಿರಲಿಲ್ಲ ಎಂದು ಹೇಳುವ ಅನುಕೂಲವೂ ನನಗಿಲ್ಲ. ಪೂರ್ತಿ ಓದಿದೆ. ತೋಳ ಗಂಟಲು ಹರಿದು ಕೊಂದದ್ದು ಎಂದಿತ್ತು. ಸಹಿ ಹಾಕಿದೆ.

ಸ್ವಲ್ಪ ದೂರದಲ್ಲಿ ಮಾಳಪ್ಪನ ಹೆಂಡತಿ ಗುಂಡಮ್ಮ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಹತ್ತಿರ ಬಿಟ್ಟಿರಲಿಲ್ಲ. "ನನ್ನ ಗಂಡಗ ಅವ್ರು ಹೊಡ್ದಾರ್ರಿ, ನನ್ನ ಮಾತು ಬರ್ಕೋರಿ!" ಎಂದು ಕೂಗುತ್ತಿದ್ದಳು. ಅಮೀನರು ಏನೆನ್ನುತ್ತಾಳೆ ಎಂದು ಕೇಳಿದರು. ಪಟೇಲ ಹಿಂದಿಯಲ್ಲಿ ಹೇಳಿದ: "ತೋಳಕ್ಕೆ ಶಾಪ ಹಾಕುತ್ತಿದ್ದಾಳೆ." ನನಗೆ ಎರಡೂ ಭಾಷೆ ಬರುತ್ತಿದ್ದವು. ಸುಮ್ಮನೆ ನಿಂತೆ.

ಅಲ್ಲಿಗೆ ಮುಗಿಯಲಿಲ್ಲ. ನರಭಕ್ಷಕ ತೋಳವನ್ನು ಕೊಂದು ಹೆಣ ತೋರಿಸಬೇಕೆಂದು ನನಗೇ ಹುಕುಂ ಆಯಿತು. ಕಾಗದದಲ್ಲಿ ತೋಳ ಬಂದಿದೆ, ಇನ್ನು ನೆಲದ ಮೇಲೂ ಒಂದು ಬೇಕಲ್ಲ. ಹಳ್ಳದ ಆ ಹೆಜ್ಜೆ ಹಿಡಿದು ಹೋದೆ. ಮೂರನೆಯ ದಿನ ಇಳಿಹೊತ್ತಿನಲ್ಲಿ ಬಾರಿಗಿಡದ ಮರೆಯಲ್ಲಿ ಕೂತಿದ್ದಾಗ ಅದು ನೀರು ಕುಡಿಯಲು ಬಂತು. ಮುದಿ ಹೆಣ್ಣು ತೋಳ, ಮುಂಗಾಲು ಎಳೆಯುತ್ತಿತ್ತು. ಕುಡಿದು ತಲೆ ಎತ್ತಿದಾಗ ಇಪ್ಪತ್ತು ಹೆಜ್ಜೆಯಲ್ಲಿ ನನ್ನನ್ನು ಕಂಡಿತು. ಓಡಬೇಕೆಂದು ಮೈ ತಿರುಗಿಸಿತು. ಓಡು ಎಂದು ಮನಸ್ಸಿನಲ್ಲಿ ಅನ್ನುತ್ತಲೇ ಬೆರಳು ಎಳೆದೆ.

ಹೊಟ್ಟೆ ಸೀಳಿ ನೋಡಿದೆ. ಬಾರಿಹಣ್ಣಿನ ಬೀಜ, ಹೊಲದ ಇಲಿಯ ಕೂದಲು, ಮಿಡತೆಯ ರೆಕ್ಕೆ. ಬಾಯಲ್ಲಿ ಹಲ್ಲುಗಳು ಸವೆದು ಮೊಂಡಾಗಿದ್ದವು. ಕುರಿಮರಿ ಹಿಡಿಯುವ ತ್ರಾಣವೂ ಅದಕ್ಕೆ ಉಳಿದಿರಲಿಲ್ಲ. ಆ ಹೆಣವನ್ನು ಪಟೇಲ ಬಂಡಿಯ ಮೇಲೆ ಹಾಕಿ, ಹಲಗೆ ಬಾರಿಸಿ, ಊರೆಲ್ಲ ಮೆರವಣಿಗೆ ಮಾಡಿಸಿದ. ನನ್ನ ಕೊರಳಿಗೆ ಹಾರ ಹಾಕಿದ. ಬಂಡಿ ತನ್ನ ಗುಡಿಸಲ ಮುಂದೆ ಬಂದಾಗ ಗುಂಡಮ್ಮ ಹೊರಗೆ ಬಂದು ತೋಳವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಅಣ್ಣಾ, ನೀನೂ ನಮ್ಮಾಂವ. ನಿಂಗ ಗೊತ್ತಾಗಿಲ್ಲ ಅಂದ್ರ ನಾ ನಂಬಂಗಿಲ್ಲ. ಊರ ಮಂದಿ ನನ್ನ ಗಂಡ ಕುಡ್ದು ಹಳ್ಳದಾಗ ಬಿದ್ದಿದ್ದ, ತ್ವಾಳ ತಿಂತು ಅಂತಾರ. ಅಂವ ಒಂದು ದಿನಾ ಕುಡ್ದಾಂವ ಅಲ್ಲ."

ಹಾರ ಕಿತ್ತು ಬಂಡಿಯಲ್ಲಿ ಎಸೆದೆ. ಹಾಗೇ ಬಂಡಿಯ ಹಿಂದೆ ನಡೆದೆ.

ಬೀದರಿಗೆ ಬಂದು ಚಾಚಾನ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ, "ನನ್ನ ಹೆಸ್ರು ಹೇಳಿ ಹೆದ್ರಿಸ್ಯಾರ?" ಎಂದು ಕೇಳಿದ. ಹೌದೆಂದೆ. "ನಂದು ಮುಗ್ದದ ಬೇಟಾ. ಮುಗ್ದಾಂವನ ಹೆಸ್ರಿಗಿ ಯಾಕ ಹೆದ್ರಿದಿ? ನೆಲಾ ಓದ್ಲಿಕ್ಕಿ ಕಲಿಸ್ದೆ. ಓದಿದ್ದು ಹೇಳ್ಲಿಕ್ಕೂ ನಾನೇ ಕಲಿಸ್ಬೇಕಾ?"

ಮರುದಿನ ಹೊತ್ತೇರಿದ ಮೇಲೆ ಪೊಲೀಸರ ದೊಡ್ಡ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ: ಪಂಚನಾಮೆಯಲ್ಲಿರುವುದು ಸುಳ್ಳು, ಹೆದರಿ ಸಹಿ ಹಾಕಿದ್ದೇನೆ, ಗಾಯ ಕೊಡಲಿಯದು. ಹೆಜ್ಜೆ, ಕಂಬಳಿ, ಹೊಟ್ಟೆಯಲ್ಲಿ ಸಿಕ್ಕಿದ್ದು, ಎಲ್ಲ ಬರೆದೆ. ವಾರದೊಳಗೆ ರೇಂಜರ್ ನನ್ನನ್ನು ಶಿಕಾರಿ ಕೆಲಸದಿಂದ ತೆಗೆದು ಔರಾದಿನ ಕಟ್ಟಿಗೆ ಡಿಪೋ ಕಾಯಲು ಹಾಕಿದರು. ನನ್ನ ಜಾಗಕ್ಕೆ ಮನುಷ್ಯನ ಬದಲು ಡಬ್ಬಿಯಲ್ಲಿ ವಿಷ ಬಂತು. ಮಾಂಸಕ್ಕೆ ಬೆರೆಸಿ ಎಸೆಯುವುದು, ಅದೇ ಹೊಸ ಪದ್ಧತಿ. ತೋಳ ಸತ್ತವು. ಕುರುಬರ ನಾಯಿಗಳು ಸತ್ತವು, ರಣಹದ್ದು ಸತ್ತವು. ಯಾವುದು ತಪ್ಪು ಮಾಡಿತ್ತು, ಯಾವುದು ಮಾಡಿರಲಿಲ್ಲ ಎಂದು ನೋಡುವವರೇ ಇಲ್ಲವಾದರು. ಇದನ್ನು ಸುಧಾರಣೆ ಎಂದು ಕರೆದರು!

ನನ್ನ ಅರ್ಜಿಯಿಂದ ಕೇಸು ಮತ್ತೆ ಎದ್ದಿತು ಎನ್ನುವುದು ನಿಜ. ಪಟೇಲನ ಇಬ್ಬರು ಆಳುಗಳನ್ನು ಹಿಡಿದರು, ಪಟೇಲನನ್ನು ಹಿಡಿಯಲಿಲ್ಲ. ಕೋರ್ಟಿನಲ್ಲಿ ನಾನು ನೋಡಿದ್ದನ್ನೆಲ್ಲ ಹೇಳಿದೆ. ಆರೋಪಿಗಳ ವಕೀಲರು ಪಂಚನಾಮೆ ಎತ್ತಿ ಹಿಡಿದರು.

"ಈ ಸಹಿ ಯಾರದು?"

"ನಂದೇರಿ."

"ಓದಿ ಹಾಕಿದ್ದೋ, ಓದದೆಯೋ?"

"ಓದಿ."

"ಆಗ ಬರೆದದ್ದು ಸುಳ್ಳೋ, ಈಗ ಹೇಳುತ್ತಿರುವುದು ಸುಳ್ಳೋ?"

"ಆಗಿಂದು ಸುಳ್ರಿ."

"ಒಮ್ಮೆ ಸುಳ್ಳಿಗೆ ಸಹಿ ಹಾಕಿದವನ ಮಾತನ್ನು ನ್ಯಾಯಾಲಯ ಹೇಗೆ ನಂಬಬೇಕು?"

ಇಬ್ಬರೂ ಬಿಡುಗಡೆಯಾದರು. ರೇಂಜರರನ್ನು ಯಾರೂ ಕರೆಯಲಿಲ್ಲ, ಅಮೀನರು ವರ್ಗವಾಗಿ ಹೋಗಿದ್ದರು. ಹೊಸದಾಗಿ ನೌಕರಿಗೆ ಸೇರಿದವರೇ, ಕೇಳಿ. ಮೇಲಿನವರು ಬಾಯಿಂದ ಹೆದರಿಸುತ್ತಾರೆ, ಅವರ ಮಾತು ಗಾಳಿಗೆ ಹೋಗುತ್ತದೆ. ಕಾಗದದ ಮೇಲೆ ಉಳಿಯುವುದು ನಿಮ್ಮ ಸಹಿ. ಕೊಲೆಗಾರರನ್ನು ಬಿಡಿಸಿದ್ದು ಆ ವಕೀಲರಲ್ಲ, ನಾನು.

ಕೋರ್ಟಿನ ಹೊರಗೆ ಗುಂಡಮ್ಮ ಬೇವಿನ ಮರದ ಕೆಳಗೆ ಕೂತಿದ್ದಳು. ಬಯ್ಯುತ್ತಾಳೆ ಎಂದುಕೊಂಡು ಹತ್ತಿರ ಹೋದೆ. ಆಕೆ ಬಯ್ಯಲಿಲ್ಲ.

"ಒಳಗ ಎಲ್ಲಾರ ಮುಂದ ಹೇಳ್ದಿ?"

"ಹೇಳ್ದೆ ತಂಗಿ. ನಂಬ್ಲಿಲ್ಲ."

"ಊರ ಮಂದಿ ಕೇಳ್ಯಾರಿಲ್ಲ? ಅಂವ ಕುಡ್ದು ಸತ್ತಿಲ್ಲ ಅಂತ ಗೊತ್ತಾತಿಲ್ಲ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಮಳಿ ಹದಾ ಆಗ್ಯಾದ. ಬರೋ ಸೋಮಾರ ಜೋಳಾ ಬಿತ್ತತೇನಿ. ಹೊಲದಾಗ ಕಾಲಿಟ್ರ ಕಾಲು ಮುರೀತೇವಂತ ಅವ್ರು ಹೇಳಿ ಕಳಿಸ್ಯಾರ. ನನ್ನ ಅಣ್ಣ ಕೂರಿಗಿ ತರ್ತಾನ. ನೀ ಬರ್ತಿ?"

ಸೋಮವಾರ ಹೊತ್ತು ಮೂಡುವಾಗ ಡಿಪೋದ ಜೋಡು ನಳಿಗೆಯ ಬಂದೂಕು ಹೆಗಲಿಗೆ ಹಾಕಿಕೊಂಡು ಆ ಹೊಲದ ಬದುವಿನ ಮೇಲೆ ಕೂತೆ. ಗುಂಡಮ್ಮನ ಅಣ್ಣ ಕೂರಿಗೆ ಹಿಡಿದಿದ್ದ, ಆಕೆ ಹಿಂದೆ ನಡೆಯುತ್ತ ಉಡಿಯಿಂದ ಬೀಜ ಬಿಡುತ್ತಿದ್ದಳು. ಎರಡು ಸಾಲು ಆಗುವಷ್ಟರಲ್ಲಿ ಪಟೇಲ ಏಳೆಂಟು ಆಳುಗಳನ್ನು ಕಟ್ಟಿಕೊಂಡು ಬಂದ. ಬಿಡುಗಡೆಯಾದ ಇಬ್ಬರೂ ಅವರಲ್ಲಿದ್ದರು. ಅಕ್ಕಪಕ್ಕದ ಹೊಲದವರು ಎತ್ತು ನಿಲ್ಲಿಸಿ ನೋಡತೊಡಗಿದರು.

"ನಿಂಗ ಇಲ್ಲೇನು ಕೆಲ್ಸ?" ಎಂದು ಪಟೇಲ ಕೇಳಿದ.

ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ:

"ಸರ್ಕಾರಿ ಕೆಲ್ಸಾರಿ. ಈ ಊರಾಗ ನಿಂತ ಆಳಿಗಿ ತಿನ್ನೋ ತ್ವಾಳ ಅದ ಅಂತ ನೀವೇ ಬರೆಸೀರಿ. ನಾ ಹೊಡದದ್ದು ಅದಲ್ಲಂತ ಕೋರ್ಟಿನಾಗ ಹೇಳಿ ಬಂದೇನಿ. ಅಂದ್ರ ಅದು ಇನ್ನಾ ಜೀವಂತ ಅದ. ಈ ಹೊಲಕ್ಕ ಬಂದ್ರ ಹೊಡೀಲಿಕ್ಕಿ ಕುಂತೇನಿ."

ಪಕ್ಕದ ಹೊಲದಲ್ಲಿ ಯಾರೋ ಒಬ್ಬ ಮುದುಕ ಗಟ್ಟಿಯಾಗಿ ನಕ್ಕ. ಅವನ ಹಿಂದೆ ಇನ್ನಿಬ್ಬರು ನಕ್ಕರು. ಆಮೇಲೆ ಒಬ್ಬೊಬ್ಬರೇ ಕೆಲಸ ಬಿಟ್ಟು ಬದುವಿನ ಮೇಲೆ ಬಂದು ನನ್ನ ಪಕ್ಕ ನಿಂತರು. ಬಂದೂಕಿನಲ್ಲಿ ತೋಟಾ ಇತ್ತು. ಪಟೇಲ ಒಬ್ಬೊಬ್ಬರ ಮುಖ ನೋಡಿದ, ಉಗುಳಿದ, ಆಳುಗಳನ್ನು ಕರೆದುಕೊಂಡು ತಿರುಗಿ ನಡೆದ.

ಡಿಪೋ ಬಿಟ್ಟು ಬಂದೂಕು ಒಯ್ದದ್ದಕ್ಕೆ ಇಲಾಖೆ ನನ್ನಿಂದ ಜವಾಬು ಕೇಳಿತು. ಜವಾಬಿನಲ್ಲಿ ಬರೆದೆ: ಸೋಮವಾರ ಮುಂಜಾನೆಯಿಂದ ಹೊತ್ತು ಮುಳುಗುವವರೆಗೆ ಹೊಲದಲ್ಲಿ ಕಾದಿದ್ದೇನೆ. ತೋಳ ಬಂದಿತ್ತು, ಜನ ನೋಡಿ ತಿರುಗಿಹೋಯಿತು. ಗುಂಡು ಹಾರಿಸುವ ಪ್ರಸಂಗ ಬರಲಿಲ್ಲ. ನಾಲ್ಕೂ ಎಕರೆ ಬಿತ್ತನೆ ಮುಗಿದಿದೆ.